ಓದುವ ಊರಿನ ಸುತ್ತಮುತ್ತ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೊರದೇಶದಲ್ಲಿ ಓದುತ್ತಿರುವವರದ್ದು. ಕೋರ್ಸು, ಸಾಲ, ಕೆಲಸ ಇಂಥದ್ದೇ ಇರುತ್ತದೆ ಅಂದುಕೊಂಡೇ ಬಿಚ್ಚಿದೆ. ಆದರೆ ಬಹಳ ಮಂದಿ ಕೇಳಿದ್ದು ಶನಿವಾರ, ಭಾನುವಾರದ ಬಗ್ಗೆ. ಓದುವ ಊರು ಬಿಟ್ಟು ಆಚೆ ಹೇಗೆ ಹೋಗುವುದು, ಎಲ್ಲಿಗೆ, ಯಾರ ಜೊತೆ, ಎಷ್ಟು ದುಡ್ಡಿನಲ್ಲಿ. ನನಗೆ ಇಷ್ಟದ ವಿಷಯ ಇದು. ನಾನು ಎರಡು ವರ್ಷ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದಿದವಳು. ಹಾಗಾಗಿ ಮೊದಲ ಉತ್ತರ ಉಳಿದವಕ್ಕಿಂತ ಉದ್ದವಾಗಿದೆ.

ಪ್ರಶ್ನೆ: ಡ್ರೆಸ್ಡೆನ್‌ಗೆ ಬಂದು ಆರು ತಿಂಗಳಾಯಿತು. ಜೊತೆಯವರೆಲ್ಲ ಅಗ್ಗದ ವಿಮಾನ ಹಿಡಿದು ಪ್ಯಾರಿಸ್, ರೋಮ್, ಬಾರ್ಸಿಲೋನಾ ನೋಡಿ ಬಂದರು. ನನ್ನ ಹತ್ತಿರ ಅಷ್ಟು ದುಡ್ಡಿಲ್ಲ. ಇನ್ನೂ ಊರಿನಿಂದ ಆಚೆ ಕಾಲಿಟ್ಟಿಲ್ಲ. ಅವರ ಫೋಟೋ ನೋಡಿದಾಗೆಲ್ಲ ಏನೋ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. (ಸ್ನಾತಕೋತ್ತರ ವಿದ್ಯಾರ್ಥಿನಿ, ಡ್ರೆಸ್ಡೆನ್)

ಮೊದಲು ನಿಮ್ಮ ಫೋನಿನಲ್ಲಿರುವ ಸೆಮಿಸ್ಟರ್ ಟಿಕೆಟ್ ತೆಗೆದು ನೋಡಿ. ಅದಕ್ಕೆ ನೀವು ಆಗಲೇ ದುಡ್ಡು ಕಟ್ಟಿದ್ದೀರಿ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಇಡೀ ದೇಶದ ತಿಂಗಳ ಪಾಸು ಶುರುವಾಯಿತು, ಆಗ ತಿಂಗಳಿಗೆ 49 ಯೂರೋ. ಆಮೇಲೆ ದರ ಏರಿದೆ. 2024ರ ಬೇಸಿಗೆ ಸೆಮಿಸ್ಟರ್‌ನಿಂದ ವಿದ್ಯಾರ್ಥಿಗಳಿಗೆ ಅದನ್ನೇ ಸೆಮಿಸ್ಟರ್ ಟಿಕೆಟ್ ಆಗಿ 60 ಶೇಕಡಾ ದರದಲ್ಲಿ ಕೊಡುತ್ತಾರೆ, ವಿಶ್ವವಿದ್ಯಾಲಯ ಆ ಒಪ್ಪಂದಕ್ಕೆ ಸೇರಿರಬೇಕು ಅಷ್ಟೇ. ಇದರಲ್ಲಿ ವೇಗದ ಐಸಿಇ, ಐಸಿ ರೈಲು ಹತ್ತುವಂತಿಲ್ಲ. ಆದರೆ ದೇಶದ ಎಲ್ಲ ಸ್ಥಳೀಯ ರೈಲು, ಎಸ್‌-ಬಾನ್ ಎಂಬ ನಗರ ರೈಲು, ಟ್ರಾಮ್, ಬಸ್ ನಿಮ್ಮವು. ಅಂದರೆ ಇನ್ನೊಂದು ಪೈಸೆ ಖರ್ಚಿಲ್ಲದೆ ನೀವು ಹೋಗಬಹುದಾದ ಜಾಗಗಳನ್ನು ಎರಡು ವರ್ಷದಲ್ಲಿ ಮುಗಿಸಲು ಆಗುವುದಿಲ್ಲ.

ಈ ಶನಿವಾರವೇ ಎಸ್‌1 ಹತ್ತಿ. ಈ ಒಂದು ರೈಲು ಸಾಕು ನಿಮಗೆ. ಎಲ್ಬೆ ನದಿಯ ಪಕ್ಕದಲ್ಲೇ ಓಡುತ್ತದೆ. ಒಂದು ಕಡೆ ಮೈಸನ್, ಇನ್ನೊಂದು ಕಡೆ ಚೆಕ್ ಗಡಿಯ ಶ್ಯೋನಾ. ಶ್ಯೋನಾ ಕಡೆ ಹೋಗುವಾಗ ಎಡಗಡೆ ಕಿಟಕಿ ಹಿಡಿದು ಕೂತುಕೊಳ್ಳಿ. ಪಿರ್ನಾ ದಾಟಿದ ಮೇಲೆ ಮನೆಗಳು ಕಮ್ಮಿಯಾಗಿ ನದಿ ಹತ್ತಿರ ಬರುತ್ತದೆ, ನದಿಯಾಚೆ ಮರಳುಗಲ್ಲಿನ ಗೋಡೆಗಳು ಮೇಲೇಳುತ್ತವೆ, ಮೊದಲ ಸಲ ನೋಡಿದಾಗ ನಾನು ಕೈಯಲ್ಲಿದ್ದ ಫೋನನ್ನು ಬ್ಯಾಗಿಗೆ ಹಾಕಿ ಸುಮ್ನೆ ಕೂತುಬಿಟ್ಟಿದ್ದೆ. ಕೂರೋರ್ಟ್ ರಾಟನ್‌ನಲ್ಲಿ ಇಳಿಯಿರಿ. ಸ್ಟೇಷನ್ ಈ ದಡದಲ್ಲಿ, ಬೆಟ್ಟ ಆ ದಡದಲ್ಲಿ. ನಡುವೆ ಒಂದು ದೋಣಿ ಇದೆ, ಎಂಜಿನ್ ಇಲ್ಲದ್ದು. ನದಿಯ ಮೇಲುಭಾಗದಲ್ಲಿ ಗಟ್ಟಿಯಾಗಿ ಕಟ್ಟಿದ ಉದ್ದದ ಹಗ್ಗಕ್ಕೆ ದೋಣಿ ಜೋಡಿಸಿರುತ್ತಾರೆ, ದೋಣಿಯನ್ನು ಸ್ವಲ್ಪ ಓರೆ ಮಾಡಿದರೆ ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ನೀವು ಎಂಜಿನಿಯರಿಂಗ್ ಓದುತ್ತಿದ್ದರೆ ಎರಡು ಸಲ ಹೋಗಿ ಬರುತ್ತೀರಿ. ಚಿಲ್ಲರೆ ಕಾಸು ಜೊತೆಗಿರಲಿ.

ಅಲ್ಲಿಂದ ಬಾಸ್ಟೈ ಬಂಡೆಗೆ ಹತ್ತುವ ದಾರಿ. ಬಂಡೆಗಳ ನಡುವಿನ ಕಲ್ಲಿನ ಸೇತುವೆ 1851ರದ್ದು. ಮೇಲಿನ ಬಂಡೆ ಎಲ್ಬೆಗಿಂತ 194 ಮೀಟರ್ ಎತ್ತರದಲ್ಲಿದೆ. ಹತ್ತು ಗಂಟೆಯ ಮೇಲೆ ಟೂರಿಸ್ಟ್ ಬಸ್ಸುಗಳು ಬಂದು ನಿಲ್ಲುತ್ತವೆ, ಆಮೇಲೆ ಸೇತುವೆಯ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮೇಲಿರಿ. ಇಳಿಯುವಾಗ ಬಂದ ದಾರಿಯಲ್ಲೇ ಇಳಿಯಬೇಡಿ, ಶ್ವೇಡನ್‌ಲ್ಯೋಶರ್ ಎಂಬ ಇಕ್ಕಟ್ಟಿನ ಕಣಿವೆಯ ಮೆಟ್ಟಿಲು ಹಿಡಿಯಿರಿ. ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ ಸ್ವೀಡನ್ ಸೈನಿಕರಿಂದ ತಪ್ಪಿಸಿಕೊಳ್ಳಲು ಸುತ್ತಲಿನ ಹಳ್ಳಿಯವರು ಅಡಗಿದ್ದ ಜಾಗ ಅದು, ಹೆಸರೂ ಅದರಿಂದಲೇ ಬಂದಿದ್ದು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ.

ಈ ಸೀಮೆಗೆ ಸ್ಯಾಕ್ಸನ್ ಸ್ವಿಟ್ಜರ್ಲೆಂಡ್ ಅಂತ ಹೆಸರು. ಇಲ್ಲಿ ಸ್ವಿಟ್ಜರ್ಲೆಂಡ್ ಏನೂ ಇಲ್ಲ. 18ನೇ ಶತಮಾನದಲ್ಲಿ ಡ್ರೆಸ್ಡೆನ್‌ನ ಕಲಾ ಅಕಾಡೆಮಿಗೆ ಕಲಿಸಲು ಬಂದ ಇಬ್ಬರು ಸ್ವಿಸ್ ಚಿತ್ರಕಾರರಿಗೆ, ಆಡ್ರಿಯಾನ್ ಟ್ಸಿಂಗ್ ಮತ್ತು ಆಂಟೋನ್ ಗ್ರಾಫ್‌ಗೆ, ಈ ಬೆಟ್ಟಗಳು ತಮ್ಮ ದೇಶವನ್ನು ನೆನಪಿಸಿದವಂತೆ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಅವರೂ ಹೊರಗಿನಿಂದ ಬಂದವರು, ಬಿಡುವಿನ ದಿನ ಊರಿನಾಚೆ ನಡೆದು ಹೋದವರು, ಅವರು ಕರೆದ ಹೆಸರು ಇಡೀ ಸೀಮೆಗೆ ಉಳಿದುಬಿಟ್ಟಿತು. ಚಿತ್ರಕಾರರು ನಡೆದ ಹಾದಿಗಳನ್ನು ಜೋಡಿಸಿ ಈಗ ಮಾಲರ್‌ವೆಗ್ ಅಂತ ಸುಮಾರು 115 ಕಿಲೋಮೀಟರ್‌ನ ಕಾಲುದಾರಿ ಮಾಡಿದ್ದಾರೆ, ಎಂಟು ಭಾಗದಲ್ಲಿ. ಒಂದೊಂದು ಶನಿವಾರಕ್ಕೆ ಒಂದೊಂದು ಭಾಗ ನಡೆಯಬಹುದು. ನಾನು ಹಾಗೇ ಮಾಡಿದೆ, ಎಂಟು ಭಾಗಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. 2022ರ ಜುಲೈನಲ್ಲಿ ಇಲ್ಲಿಯ ಕಾಡಿಗೆ ಚೆಕ್ ಕಡೆಯಿಂದ ದೊಡ್ಡ ಬೆಂಕಿ ಹಬ್ಬಿತ್ತು. ಅದಕ್ಕೂ ಮೊದಲೇ ತೊಗಟೆ ಹುಳು ಬಿದ್ದು ಸ್ಪ್ರೂಸ್ ಮರಗಳು ಸಾವಿರಗಟ್ಟಲೆ ಒಣಗಿ ನಿಂತಿವೆ. ಅವು ಗಾಳಿಗೆ ಬೀಳುತ್ತವೆ. ಅದಕ್ಕೇ ಕೆಲವು ದಾರಿಗಳನ್ನು ಮುಚ್ಚಿರುತ್ತಾರೆ. ಅಡ್ಡಗಟ್ಟೆ ಕಂಡರೆ ದಾಟಬೇಡಿ, ಇನ್ನೊಬ್ಬರು ದಾಟಿದರು ಅಂತ ನೀವು ದಾಟಬೇಡಿ. ಕಾಡಿನಲ್ಲಿ ಬೆಂಕಿ ಹಚ್ಚಬಾರದು ಅಂತ ಹೇಳಬೇಕಾಗಿಯೇ ಇಲ್ಲ.

ಇನ್ನೊಂದು, ಬಸ್ಸಿನ ವೇಳಾಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದಿ. ಒಂದು ಅಕ್ಟೋಬರ್ ಶುಕ್ರವಾರ ನಾನು ಬೆಟ್ಟ ಇಳಿದು ಒಂದು ಹಳ್ಳಿಯ ಬಸ್ ಸ್ಟಾಪಿಗೆ ಬಂದೆ. ಪಟ್ಟಿಯಲ್ಲಿ 16:40ಕ್ಕೆ ಬಸ್ ಇತ್ತು. ಐದಾಯಿತು, ಐದೂಕಾಲಾಯಿತು, ಬರಲಿಲ್ಲ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು ಪಟ್ಟಿಯ ಕೆಳಗಿನ ಒಂದು ಅಕ್ಷರ ತೋರಿಸಿದರು. ಶಾಲೆ ಇರುವ ದಿನ ಮಾತ್ರ ಅಂತ ಅದರ ಅರ್ಥ. ಆಗ ಶರತ್ಕಾಲದ ಶಾಲಾ ರಜೆ. ಒಂಬತ್ತು ಕಿಲೋಮೀಟರ್ ನಡೆದು ಸ್ಟೇಷನ್ ಮುಟ್ಟುವ ಹೊತ್ತಿಗೆ ಪೂರ್ತಿ ಕತ್ತಲು, ಕಾಲು ಬೊಬ್ಬೆ. ಅವತ್ತಿನಿಂದ ಹೋಗುವ ಬಸ್ಸಿಗಿಂತ ಮೊದಲು ವಾಪಸ್ ಬರುವ ಬಸ್ ನೋಡುತ್ತೇನೆ, ಕೊನೆಯದ್ದಲ್ಲ, ಕೊನೆಯದಕ್ಕಿಂತ ಒಂದು ಮುಂಚಿನದ್ದು. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ, ನೀರು ಮತ್ತು ತಿಂಡಿ ಶನಿವಾರವೇ ತಂದಿಟ್ಟುಕೊಳ್ಳಿ.

ಬೆಟ್ಟ ಬೇಡ ಅನ್ನಿಸಿದ ದಿನ ಅದೇ ಎಸ್‌1ರಲ್ಲಿ ಇನ್ನೊಂದು ದಿಕ್ಕಿಗೆ ಹೋಗಿ. ಮೈಸನ್‌ನ ಕೋಟೆಯಲ್ಲಿ 1710ರಲ್ಲಿ ಯೂರೋಪಿನ ಮೊದಲ ಪೋರ್ಸೆಲಿನ್ ಕಾರ್ಖಾನೆ ಶುರುವಾಯಿತು. ಪೂರ್ವಕ್ಕೆ ಬೇರೆ ರೈಲು ಹಿಡಿದರೆ ಬೌಟ್ಸನ್ ಸಿಗುತ್ತದೆ. ಅಲ್ಲಿ ರೈಲು ಇಳಿದ ಕೂಡಲೇ ಬೋರ್ಡು ನೋಡಿ, ಎರಡು ಭಾಷೆಯಲ್ಲಿ ಇರುತ್ತದೆ. ಒಂದು ಜರ್ಮನ್, ಇನ್ನೊಂದು ಸೋರ್ಬಿಯನ್. ಸೋರ್ಬ್ ಜನರ ಭಾಷೆ ಜರ್ಮನ್ ಬಳಗದ್ದಲ್ಲ, ಪೋಲಿಷ್, ಚೆಕ್ ಬಳಗದ್ದು. ಸುತ್ತ ಜರ್ಮನ್ ತುಂಬಿಕೊಂಡ ಕಡೆ ಒಂದು ಸಣ್ಣ ಭಾಷೆ ಇಷ್ಟು ಶತಮಾನ ಉಳಿದು, ಬೀದಿಯ ಹೆಸರಿನಲ್ಲಿ, ಅಂಗಡಿಯ ಫಲಕದಲ್ಲಿ ಕಾಣಿಸುತ್ತದೆ. ಡ್ರೆಸ್ಡೆನ್‌ನಲ್ಲಿ ಎರಡು ವರ್ಷ ಕಳೆದ ಎಷ್ಟೋ ಸಹಪಾಠಿಗಳಿಗೆ ಇಂಥ ಜನ ಇದ್ದಾರೆ ಎಂಬುದೇ ಗೊತ್ತಿರಲಿಲ್ಲ. ಅದೇ ದಾರಿಯ ಕೊನೆಯಲ್ಲಿ ಗ್ಯೋರ್ಲಿಟ್ಸ್, ಜರ್ಮನಿಯ ಎಲ್ಲಕ್ಕಿಂತ ಪೂರ್ವದ ಪಟ್ಟಣ. 1945ರ ನಂತರ ನದಿಯೇ ಗಡಿಯಾಗಿ ಊರು ಎರಡಾಯಿತು, ಆಚೆ ದಡದ್ದು ಪೋಲೆಂಡಿನ ಸ್ಗೋಷೆಲೆಟ್ಸ್. ಯುದ್ಧದಲ್ಲಿ ಒಡೆದ ಹಳೆಯ ಸೇತುವೆಯ ಜಾಗದಲ್ಲಿ 2004ರಲ್ಲಿ ಕಾಲುಸೇತುವೆ ಬಂತು. ಎರಡು ನಿಮಿಷ ನಡೆದರೆ ಬೇರೆ ದೇಶ, ಬೇರೆ ಭಾಷೆ, ಬೇರೆ ನಾಣ್ಯ.

ಇನ್ನು ಆ ಕಳೆದುಕೊಂಡ ಅನಿಸಿಕೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಫೋಟೋಗಳ ವಿಷಯದಲ್ಲಿ ಪೂರ್ತಿ ನಿಜ. ರೋಮ್ ನೋಡಬೇಡಿ ಅನ್ನುತ್ತಿಲ್ಲ. ಆದರೆ ರೋಮ್‌ಗೆ ನೀವು ಮೂವತ್ತೈದನೇ ವಯಸ್ಸಿನಲ್ಲೂ ಹೋಗಬಹುದು. ಲಿಲಿಯನ್‌ಸ್ಟೈನ್ ಬೆಟ್ಟವನ್ನು ಹಿಮದಲ್ಲಿ ಒಮ್ಮೆ, ಹೊಸ ಎಲೆ ಬಂದಾಗ ಒಮ್ಮೆ, ಮಂಜು ಕವಿದ ಅಕ್ಟೋಬರ್‌ನಲ್ಲಿ ಒಮ್ಮೆ ಹತ್ತುವುದು ಅಲ್ಲೇ ವಾಸ ಇರುವವರಿಗೆ ಮಾತ್ರ ಆಗುತ್ತದೆ. ನೀವೀಗ ಅಲ್ಲಿಯ ವಾಸಿ.

ಪ್ರಶ್ನೆ: ನಾನು ಎಡಿನ್‌ಬರೋದಲ್ಲಿದ್ದೇನೆ. ಒಬ್ಬಳೇ ಊರಾಚೆ ಹೋಗಲು ಭಯ. ಈಗ ಚಳಿಗಾಲ, ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲಾಗುತ್ತದೆ. ಜೊತೆಗೆ ಬರುವ ಗೆಳತಿಯರಿಲ್ಲ. ಬೇಸಿಗೆವರೆಗೆ ಕಾಯಲೇ? (ಮೊದಲ ವರ್ಷದ ಪದವಿ ವಿದ್ಯಾರ್ಥಿನಿ)

ಕಾಯಬೇಡಿ. ಆದರೆ ಭಯವನ್ನು ತಳ್ಳಿಹಾಕಲೂಬೇಡಿ. ಕತ್ತಲು ಮತ್ತು ಚಳಿ ಅಲ್ಲಿ ನಿಜವಾದ ಅಪಾಯಗಳೇ. ಡಿಸೆಂಬರ್‌ನಲ್ಲಿ ಎಡಿನ್‌ಬರೋದ ಸೂರ್ಯ ಬೆಳಿಗ್ಗೆ ಸುಮಾರು 8:40ಕ್ಕೆ ಬಂದು 3:40ಕ್ಕೆ ಹೋಗುತ್ತಾನೆ. ಬರೀ ಏಳು ಗಂಟೆ ಬೆಳಕು. ಹಾಗಾಗಿ ಚಳಿಗಾಲದಲ್ಲಿ ರೈಲು ನಿಲ್ಲುವ ಪಟ್ಟಣಗಳಿಗೆ ಹೋಗಿ, ಬೆಟ್ಟಗಳನ್ನು ಏಪ್ರಿಲ್ ನಂತರಕ್ಕೆ ಇಟ್ಟುಕೊಳ್ಳಿ.

ಮೊದಲ ಸಲಕ್ಕೆ ಡಾಲ್ಮೆನಿ ಸ್ಟೇಷನ್. ಇಳಿದು ಸೌತ್ ಕ್ವೀನ್ಸ್‌ಫೆರಿಯ ನೀರಿನಂಚಿಗೆ ನಡೆಯಿರಿ. ಒಂದೇ ಕಡೆ ನಿಂತು ಮೂರು ಶತಮಾನದ ಮೂರು ಸೇತುವೆ ನೋಡಬಹುದು. 1890ರ ಕೆಂಪು ರೈಲು ಸೇತುವೆ, 1964ರ ತೂಗು ಸೇತುವೆ, 2017ರ ಕ್ವೀನ್ಸ್‌ಫೆರಿ ಕ್ರಾಸಿಂಗ್. ರೈಲು ಸೇತುವೆ 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, ಆದರೆ ಅದು ವಸ್ತುಸಂಗ್ರಹಾಲಯದ ವಸ್ತು ಅಲ್ಲ, ದಿನವಿಡೀ ಅದರ ಮೇಲೆ ರೈಲು ಓಡುತ್ತದೆ. ಎರಡನೇ ಸಲಕ್ಕೆ ನಾರ್ತ್ ಬೆರಿಕ್, ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ದಡದಿಂದ ಬಾಸ್ ರಾಕ್ ಎಂಬ ಬಂಡೆ ದ್ವೀಪ ಕಾಣುತ್ತದೆ. ಉತ್ತರದ ಗ್ಯಾನೆಟ್ ಹಕ್ಕಿಗಳ ಜಗತ್ತಿನ ಅತಿ ದೊಡ್ಡ ನೆಲೆಗಳಲ್ಲಿ ಒಂದು ಅದು. ಚಳಿಗಾಲದಲ್ಲಿ ಹಕ್ಕಿಗಳು ದೂರ ಹೋಗಿರುತ್ತವೆ, ಬಂಡೆ ಬೋಳಾಗಿ ನಿಂತಿರುತ್ತದೆ. ಈಗಲೇ ಒಮ್ಮೆ ನೋಡಿಕೊಳ್ಳಿ. ಮತ್ತೆ ಜೂನ್‌ನಲ್ಲಿ ಹೋದಾಗ ಅದೇ ಬಂಡೆ ಹಿಮ ಬಿದ್ದ ಹಾಗೆ ಬೆಳ್ಳಗೆ ಕಾಣುತ್ತದೆ, ಅದು ಹಿಮ ಅಲ್ಲ, ಹಕ್ಕಿಗಳು. 2022ರ ಹಕ್ಕಿಜ್ವರದಲ್ಲಿ ಅಲ್ಲಿ ಬಹಳ ಹಕ್ಕಿಗಳು ಸತ್ತವು. ಊರಿನ ಸೀಬರ್ಡ್ ಸೆಂಟರ್‌ನಲ್ಲಿ ಅದರ ಕಥೆ ಕೇಳಿ.

ಕ್ರ್ಯಾಮಂಡ್ ದ್ವೀಪಕ್ಕೆ ಮಾತ್ರ ಒಬ್ಬಳೇ ಹೋಗಬೇಡಿ. ಊರಿಗೆ ಹತ್ತಿರ, ಸಮುದ್ರ ಇಳಿದಾಗ ನಡೆದೇ ಹೋಗಬಹುದು, ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲ ಸರಿ. ಆದರೆ ನೀರು ಏರಲು ಶುರುವಾದರೆ ದಾರಿ ಬೇಗ ಮುಳುಗುತ್ತದೆ. ಸಿಕ್ಕಿಕೊಂಡವರನ್ನು ಲೈಫ್‌ಬೋಟ್‌ನಲ್ಲಿ ಕರೆತರುವುದು ಅಲ್ಲಿ ಪದೇ ಪದೇ ನಡೆಯುತ್ತದೆ. ದಾರಿಯ ಶುರುವಿನಲ್ಲಿ ಆ ದಿನದ ಸುರಕ್ಷಿತ ಸಮಯ ಹಾಕಿರುತ್ತಾರೆ. ಅದನ್ನು ನೋಡದೆ ಒಂದು ಹೆಜ್ಜೆ ಇಡಬೇಡಿ.

ಜೊತೆಯ ವಿಷಯ. ವಿಶ್ವವಿದ್ಯಾಲಯದ ಹಿಲ್‌ವಾಕಿಂಗ್ ಕ್ಲಬ್ ಸೇರಿ. ಮೊದಲ ದಿನ ಮುಜುಗರ ಆಗುತ್ತದೆ, ಮಳೆಯಲ್ಲಿ ನಾಲ್ಕು ಗಂಟೆ ಒಟ್ಟಿಗೆ ನಡೆದ ಮೇಲೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಜನರಿಗೆ ಹೆಚ್ಚಿನ ಎಲ್ಲ ಬೆಟ್ಟ, ಕಾಡು, ಹುಲ್ಲುಗಾವಲಿನಲ್ಲಿ ನಡೆಯುವ ಹಕ್ಕು ಕೊಟ್ಟಿದೆ. ಖಾಸಗಿ ಜಮೀನಾದರೂ ಸರಿ. ಬದಲಿಗೆ ಜವಾಬ್ದಾರಿಯಿಂದ ನಡೆಯಬೇಕು. ಮುಚ್ಚಿದ್ದ ಗೇಟು ಮುಚ್ಚಿ, ತೆರೆದಿದ್ದು ತೆರೆದೇ ಇರಲಿ, ಬೆಳೆ ತುಳಿಯಬೇಡಿ, ಕುರಿ ಮರಿ ಹಾಕುವ ಕಾಲದಲ್ಲಿ ದೂರ ನಡೆಯಿರಿ. ಇದು ಗೊತ್ತಾದರೆ ಯಾರಾದರೂ ಬೈಯುತ್ತಾರೇನೋ ಎಂಬ ಅಳುಕು ಅರ್ಧ ಕಮ್ಮಿಯಾಗುತ್ತದೆ.

ನಿಮಗೆ 22 ತುಂಬಿಲ್ಲ ಅಂತ ಕಾಣುತ್ತದೆ. ಸ್ಕಾಟ್ಲೆಂಡಿನಲ್ಲಿ ವಾಸ ಇರುವ ಆ ವಯಸ್ಸಿನವರಿಗೆ 2022ರ ಜನವರಿ 31ರಿಂದ ಬಸ್ ಉಚಿತ, ಕಾರ್ಡು ಮಾಡಿಸಬೇಕು. ರೈಲಿಗೆ 16-25 ರೈಲ್‌ಕಾರ್ಡ್ ಇದ್ದರೆ ಮೂರನೇ ಒಂದು ಭಾಗ ರಿಯಾಯಿತಿ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ 25 ದಾಟಿದವರಿಗೂ ಸಿಗುತ್ತದೆ. ಬೆಟ್ಟದಲ್ಲಿ ತೊಂದರೆಯಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ. ಸಿಗ್ನಲ್ ಕಮ್ಮಿ ಇದ್ದರೆ ಮೆಸೇಜ್ ಕಳಿಸಬಹುದು, ಆದರೆ ಅದಕ್ಕೆ ಮೊದಲೇ ನೋಂದಾಯಿಸಿಕೊಂಡಿರಬೇಕು. ಇವತ್ತೇ ರಿಜಿಸ್ಟರ್ ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಕಳಿಸಿ.

ಪ್ರಶ್ನೆ: ಮೆಲ್ಬೋರ್ನ್‌ನಲ್ಲಿ ಓದುತ್ತಿದ್ದೇನೆ. ಗೆಳೆಯರು ಬಾಡಿಗೆ ಕಾರು ಮಾಡಿ ಒಂದೇ ದಿನದಲ್ಲಿ ಗ್ರೇಟ್ ಓಷನ್ ರೋಡ್ ಮುಗಿಸಿ ಬರೋಣ ಅನ್ನುತ್ತಿದ್ದಾರೆ. ನನಗೆ ಡ್ರೈವಿಂಗ್ ಬರುವುದಿಲ್ಲ. ಇಲ್ಲಿ ಕಾರಿಲ್ಲದೆ ಏನೂ ನೋಡಲು ಆಗುವುದಿಲ್ಲವಾ?

ಒಂದೇ ದಿನದ ಆ ಕಾರು ಪ್ರವಾಸ ನನಗೆ ಇಷ್ಟವಿಲ್ಲ, ನೇರವಾಗಿ ಹೇಳುತ್ತೇನೆ. ಆ ರಸ್ತೆಯೇ 243 ಕಿಲೋಮೀಟರ್. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ, ತಿರುವಿನ ಮೇಲೆ ತಿರುವು. ಶುಕ್ರವಾರ ರಾತ್ರಿ ಶಿಫ್ಟ್ ಮುಗಿಸಿದ ಹುಡುಗ ಬೆಳಿಗ್ಗೆ ಐದಕ್ಕೆ ಸ್ಟಿಯರಿಂಗ್ ಹಿಡಿದು ರಾತ್ರಿ ಹನ್ನೊಂದಕ್ಕೆ ವಾಪಸ್ ತರಬೇಕು. ಇದು ಬೇಡ. ಹೋಗುವುದೇ ಆದರೆ ಇಬ್ಬರು ಡ್ರೈವರ್, ಎರಡು ದಿನ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಿಂದ 1932ರವರೆಗೆ, ಸತ್ತ ಜೊತೆಗಾರರ ನೆನಪಿಗೆ ಕಡಿದ ರಸ್ತೆ ಅದು. ನಿಧಾನವಾಗಿ ಹೋಗಬೇಕಾದ ದಾರಿ. ಕಾರಿಲ್ಲದೆಯೂ ಆಗುತ್ತದೆ. ಜೀಲಾಂಗ್‌ವರೆಗೆ ರೈಲು, ಅಲ್ಲಿಂದ ಲಾರ್ನ್, ಅಪೋಲೋ ಬೇ ಕಡೆಗೆ ವಿ-ಲೈನ್ ಎಂಬ ರಾಜ್ಯ ಸಾರಿಗೆಯ ಬಸ್. ಲಾರ್ನ್‌ನಲ್ಲಿ ಇಳಿದು ಸಂಜೆವರೆಗೆ ಇದ್ದು ಬಂದರೂ ಸಾಕು.

ಕಾರಿಲ್ಲದವರಿಗೆ ನಿಮ್ಮ ವಿಕ್ಟೋರಿಯ ರಾಜ್ಯದಲ್ಲಿ ಒಂದು ದೊಡ್ಡ ಅನುಕೂಲ ಇದೆ. 2023ರ ಮಾರ್ಚ್ 31ರಿಂದ ರಾಜ್ಯದ ಒಳಗಿನ ವಿ-ಲೈನ್ ರೈಲು, ಬಸ್ಸಿಗೆ ನಗರದ ದಿನದ ದರಕ್ಕಿಂತ ಜಾಸ್ತಿ ಕೊಡಬೇಕಿಲ್ಲ. ಪಕ್ಕದ ಬಡಾವಣೆಗೆ ಹೋಗಿ ಬರುವ ದಿನದ ಪಾಸಿನ ದುಡ್ಡಿಗೆ ಮೂರೂವರೆ ಗಂಟೆ ದೂರದ ವಾರ್ನಂಬೂಲ್‌ಗೆ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಅಲ್ಲಿಯ ಲೋಗನ್ಸ್ ಬೀಚಿಗೆ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ, ದಡದ ಮೇಲಿನ ಅಟ್ಟಣೆಯಿಂದಲೇ ನೋಡಬಹುದು. ಕಾಯುವ ತಾಳ್ಮೆ ಬೇಕು. ದೂರದ ರೈಲಿಗೆ ಸೀಟು ಮೊದಲೇ ಕಾದಿರಿಸಿ. ಹತ್ತಿರದ್ದೇ ಬೇಕೆಂದರೆ ಬಲ್ಲಾರಟ್, ಒಂದೂವರೆ ಗಂಟೆ. 1851ರಲ್ಲಿ ಚಿನ್ನ ಸಿಕ್ಕ ಊರು. ಲೈಸನ್ಸ್ ಶುಲ್ಕದ ವಿರುದ್ಧ ಗಣಿ ಕೆಲಸಗಾರರು ಎದ್ದು ನಿಂತು 1854ರ ಡಿಸೆಂಬರ್ 3ರಂದು ಸೈನಿಕರ ಗುಂಡಿಗೆ ಬಿದ್ದದ್ದು ಅಲ್ಲೇ, ಅವರು ಹಾರಿಸಿದ್ದ ಬಾವುಟವೂ ಅಲ್ಲೇ ಇದೆ.

ನನ್ನನ್ನು ಕೇಳಿದರೆ ಮೊದಲು ಬೆಲ್‌ಗ್ರೇವ್. ನಗರದ ರೈಲಿನ ಕೊನೆಯ ಸ್ಟೇಷನ್. ಅಲ್ಲಿಂದ ನಡೆದೇ ಶೆರ್‌ಬ್ರೂಕ್ ಕಾಡು ಸೇರಬಹುದು. ಮೌಂಟನ್ ಆಶ್ ಮರಗಳು, ಹೂ ಬಿಡುವ ಮರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ ಜಾತಿ. ಕೆಳಗೆ ಜರೀಗಿಡಗಳ ನಡುವೆ ಲೈರ್‌ಬರ್ಡ್ ಓಡಾಡುತ್ತದೆ. ಬೇರೆ ಹಕ್ಕಿಗಳ ದನಿಯನ್ನು ಒಂದಾದ ಮೇಲೊಂದು ಕೂಗುತ್ತದೆ, ಮೊದಲ ಸಲ ಕೇಳಿದವರು ಹತ್ತು ಹಕ್ಕಿ ಇವೆ ಅಂದುಕೊಳ್ಳುತ್ತಾರೆ.

ಎರಡು ಮಾತು ಗಂಭೀರವಾಗಿ. ಬೇಸಿಗೆಯಲ್ಲಿ ಹೊರಡುವ ಮುನ್ನ ಆ ದಿನದ ಬೆಂಕಿ ಅಪಾಯದ ಮಟ್ಟ ನೋಡಿ. ಅಲ್ಲಿ ನಾಲ್ಕು ಮಟ್ಟಗಳಿವೆ, ಅತಿ ಮೇಲಿನ ಎರಡರಲ್ಲಿ ಯಾವುದೇ ಇದ್ದರೂ ಕಾಡಿನ ಕಡೆ ಹೋಗಬೇಡಿ. ಇನ್ನೊಂದು, ಸಮುದ್ರ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬಾವುಟ ಇಲ್ಲದ ಬೀಚಿನಲ್ಲಿ ಮೊಣಕಾಲವರೆಗೂ ಬೇಡ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಬಹಳ ಸಲ ಒಳಸೆಳೆತದ ಜಾಗ. ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ಕರೆಯಿರಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಓದಲು ಹೋದ ಮಕ್ಕಳು ನೀರುಪಾಲಾದ ಸುದ್ದಿ ಓದಿದಾಗೆಲ್ಲ ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಅನ್ನಿಸುತ್ತದೆ.

ಪ್ರಶ್ನೆ: ಮಗ ಹೊರದೇಶದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಸಾಲ ಮಾಡಿ ಕಳಿಸಿದ್ದೇವೆ. ಪ್ರತಿ ಶನಿವಾರ ಫೋನ್ ಮಾಡಿದರೆ ಯಾವುದೋ ಹಳ್ಳಿ, ಯಾವುದೋ ಬೆಟ್ಟದಲ್ಲಿರುತ್ತಾನೆ. ಓದು ಏನಾಗುತ್ತದೋ ಎಂದು ಚಿಂತೆ. (ಒಬ್ಬ ತಾಯಿ)

ಅಮ್ಮಾ, ನಿಮ್ಮ ಚಿಂತೆ ಅರ್ಥವಾಗುತ್ತದೆ. ಪರೀಕ್ಷೆಯ ಫಲಿತಾಂಶ ಕೇಳಿ, ಅದನ್ನು ಕೇಳುವ ಹಕ್ಕು ನಿಮಗಿದೆ. ಅದು ಸರಿಯಿದ್ದರೆ ಶನಿವಾರವನ್ನು ಅವನಿಗೆ ಬಿಡಿ. ವಾರಗಟ್ಟಲೆ ರೂಮಿನಿಂದ ಹೊರಗೆ ಬರದ, ಫೋನಿನಲ್ಲಿ ಎಲ್ಲದಕ್ಕೂ ಹ್ಞೂಂ ಅನ್ನುವ ಮಕ್ಕಳನ್ನು ನಾನು ಹಾಸ್ಟೆಲಿನಲ್ಲಿ ನೋಡಿದ್ದೇನೆ, ಚಿಂತೆ ಮಾಡಬೇಕಾದದ್ದು ಅವರ ಬಗ್ಗೆ. ಒಂದು ಕೆಲಸ ಮಾಡಿ. ಹೊರಡುವ ಮೊದಲು ಹೋಗುವ ಜಾಗದ ಹೆಸರು ಮತ್ತು ವಾಪಸ್ ರೈಲಿನ ಸಮಯ ನಿಮಗೆ ಮೆಸೇಜ್ ಮಾಡಲು ಹೇಳಿ. ಆ ಹೆಸರನ್ನು ಮ್ಯಾಪಿನಲ್ಲಿ ಹುಡುಕಿ ನೋಡಿ. ಸಂಜೆ ಫೋನ್ ಮಾಡಿದಾಗ ಆ ಜಾಗದ ಬಗ್ಗೆ ಕೇಳಿ. ಅವನು ಎಷ್ಟು ಮಾತಾಡುತ್ತಾನೆ ನೋಡಿ.

ಪ್ರಶ್ನೆ: ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದೆ. ಅರ್ಧ ದಿನಕ್ಕೆ ಚೆಕ್ ಗಡಿ ದಾಟಿ ಬರಲು ಬೇರೆ ವೀಸಾ ಬೇಕಾ?

ಬೇಡ. ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ. ಒಂದು ಷೆಂಗೆನ್ ದೇಶದ ಪರ್ಮಿಟ್ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನದಲ್ಲಿ 90 ದಿನದವರೆಗೆ ಓಡಾಡಬಹುದು. ಆದರೆ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಅಸಲಿಯೇ ಜೊತೆಗಿರಬೇಕು, ಫೋನಿನ ಫೋಟೋ ನಡೆಯುವುದಿಲ್ಲ. 2024ರ ಸೆಪ್ಟೆಂಬರ್ 16ರಂದು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು, ವಾಪಸ್ ಬರುವಾಗ ರೈಲಿನಲ್ಲೇ ಕೇಳಬಹುದು. ಎಸ್‌1ರ ಕೊನೆಯ ಸ್ಟೇಷನ್ ಶ್ಯೋನಾದ ಎದುರು ದಡವೇ ಚೆಕ್ ದೇಶದ ಹ್ರೆನ್ಸ್ಕೋ, ದೋಣಿಯಲ್ಲಿ ದಾಟಬಹುದು. ಅಲ್ಲಿಂದ ಮೇಲಕ್ಕೆ ಪ್ರಾವ್ಚಿಟ್ಸ್ಕಾ ಬ್ರಾನಾ ಎಂಬ ಮರಳುಗಲ್ಲಿನ ಕಮಾನಿದೆ. ಆ ಬಗೆಯಲ್ಲಿ ಯೂರೋಪಿನಲ್ಲೇ ದೊಡ್ಡದು.

ಬ್ರಿಟನ್‌ನಲ್ಲಿ ಓದುವವರು ಇದನ್ನು ತಮಗೂ ಅನ್ವಯಿಸಿಕೊಳ್ಳಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಷೆಂಗೆನ್‌ಗೆ ಹೋಗಲಾಗದು. ಐರ್ಲೆಂಡ್ ಗಣರಾಜ್ಯಕ್ಕೂ ಭಾರತೀಯರಿಗೆ ಬೇರೆ ವೀಸಾ ಬೇಕು. ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ಹೋಗುವ ಬಸ್ಸಿನಲ್ಲಿ ಯಾರೂ ಕೇಳದೇ ಇರಬಹುದು, ಆದರೂ ನಿಯಮ ನಿಯಮವೇ.

ಪ್ರಶ್ನೆ: ಲೈಪ್‌ಸಿಗ್‌ನಲ್ಲಿ ಎರಡು ವರ್ಷ ಮುಗಿಯುತ್ತಾ ಬಂತು. ಸೆಪ್ಟೆಂಬರ್‌ನಲ್ಲಿ ಥೀಸಿಸ್ ಕೊಟ್ಟು ಹೊರಡುತ್ತೇನೆ. ಲ್ಯಾಬು, ಪಾರ್ಟ್‌ಟೈಮ್ ಕೆಲಸ, ರೂಮು ಬಿಟ್ಟರೆ ಏನೂ ನೋಡಿಲ್ಲ. ಉಳಿದ ಎರಡು ತಿಂಗಳಲ್ಲಿ ಏನು ನೋಡಲಿ? ಪಟ್ಟಿ ಕೊಡಿ.

ಪಟ್ಟಿ ಕೊಡುವುದಿಲ್ಲ. ಥೀಸಿಸ್ ಬರೆಯುವವರಿಗೆ ಪಟ್ಟಿ ಇನ್ನೊಂದು ಕೆಲಸವಾಗುತ್ತದೆ. ಒಂದು ಜಾಗ ಹೇಳುತ್ತೇನೆ, ಅಲ್ಲಿಗೆ ಮೂರು ಸಲ ಹೋಗಿ.

ಕೋಸ್ಪುಡನರ್ ಕೆರೆ. ಊರಿನ ದಕ್ಷಿಣಕ್ಕೆ, ನದಿ ಪಕ್ಕದ ಕಾಡಿನ ದಾರಿಯಲ್ಲಿ ಸೈಕಲ್ ತುಳಿದರೆ ಮುಕ್ಕಾಲು ಗಂಟೆ. ನೋಡಿದರೆ ಮೊದಲಿನಿಂದಲೂ ಅಲ್ಲೇ ಇದ್ದ ಕೆರೆ ಅನ್ನಿಸುತ್ತದೆ. ಆದರೆ ಅದು ಕಂದು ಕಲ್ಲಿದ್ದಲಿನ ತೆರೆದ ಗಣಿಯಾಗಿತ್ತು. ಪೂರ್ವ ಜರ್ಮನಿಯ ಕಾಲದಲ್ಲಿ ಲೈಪ್‌ಸಿಗ್‌ನ ಸುತ್ತ ಹಳ್ಳಿಗಳನ್ನೇ ಎತ್ತಿಸಿ ನೆಲ ಅಗೆದರು, ಗಣಿ ಊರಿನ ಅಂಚಿಗೆ ಬಂದಿತ್ತು. 1990ರಲ್ಲಿ ಜನ ಬೀದಿಗಿಳಿದು ಸಾಕು ನಿಲ್ಲಿಸಿ ಎಂದರು. ಗಣಿ ನಿಂತಿತು, ಗುಂಡಿಗೆ ನೀರು ತುಂಬಿಸಿದರು, 2000ದಲ್ಲಿ ದಡವನ್ನು ಜನರಿಗೆ ತೆರೆದರು. ಈಗ ಅಲ್ಲಿ ಮರಳಿನ ದಡ, ಹಾಯಿದೋಣಿ, ಈಜುವ ಮಕ್ಕಳು. ನೀವು ಎರಡು ವರ್ಷ ಇದ್ದ ಊರು ಮೂವತ್ತು ನಲವತ್ತು ವರ್ಷದ ಹಿಂದೆ ಹೇಗಿತ್ತು, ಈಗಿನ ಗಾಳಿ ಯಾಕೆ ಇಷ್ಟು ಹಗುರ ಎಂಬುದು ಆ ದಡದಲ್ಲಿ ಕೂತರೆ ತಿಳಿಯುತ್ತದೆ. ಪಕ್ಕದಲ್ಲಿ ಕೂತ ಅರವತ್ತು ದಾಟಿದವರನ್ನು ಯಾರನ್ನಾದರೂ ಮಾತಾಡಿಸಿ. ನಿಮ್ಮ ಜರ್ಮನ್ ತೊದಲಿದರೂ ಪರವಾಗಿಲ್ಲ. ನನಗೆ ಅಲ್ಲಿ ಒಬ್ಬರು, ಕಿಟಕಿಯ ಹೊರಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣ ಆಗುತ್ತಿತ್ತು ಅಂತ ಹೇಳಿದ್ದರು. ಎಂದೂ ಮರೆತಿಲ್ಲ.

ಮೊದಲ ಸಲ ಈ ವಾರವೇ ಹೋಗಿ, ಸಂಜೆ, ಬರೀ ಎರಡು ಗಂಟೆಗೆ. ಜುಲೈನಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ, ಲ್ಯಾಬು ತಪ್ಪುವುದಿಲ್ಲ. ಎರಡನೇ ಸಲ ಆಗಸ್ಟ್‌ನ ಒಂದು ಭಾನುವಾರ ಕೆರೆಯ ಸುತ್ತ ಪೂರ್ತಿ ಸೈಕಲ್ ಹೊಡೆಯಿರಿ. ನಡುವೆ ಮಳೆ ಬಂದ ಒಂದು ದಿನ ಬಿಡುವಾದರೆ ಎಸ್‌-ಬಾನ್ ಹಿಡಿದು ಪಕ್ಕದ ಹಾಲೆಗೆ ಹೋಗಿ ನೆಬ್ರಾದ ಆಕಾಶ ತಟ್ಟೆ ನೋಡಿ ಬನ್ನಿ, ಸುಮಾರು 3600 ವರ್ಷದ ಹಿಂದೆ ಯಾರೋ ಕಂಚಿನ ಮೇಲೆ ಚಿನ್ನದಲ್ಲಿ ಚಂದ್ರ, ನಕ್ಷತ್ರ ಕೂರಿಸಿದ್ದಾರೆ. ಅದು ಆಗದಿದ್ದರೆ ಬಿಡಿ, ಪರವಾಗಿಲ್ಲ.

ಮೂರನೇ ಸಲ ಥೀಸಿಸ್ ಕೊಟ್ಟ ಮಾರನೇ ದಿನ. ಸೆಪ್ಟೆಂಬರ್‌ನಲ್ಲಿ ನೀರು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ. ಟವೆಲ್ ತೆಗೆದುಕೊಂಡು ಹೋಗಿ.